ತರಗತಿಗೆ ಎಂಥ ಆನ್‌ಲೈನ್ ಕ್ವಿಜ್ ಬೇಕು?

ಪರೀಕ್ಷೆ ಇರುವುದು ಕಲಿತದ್ದನ್ನು ಅಳೆಯುವುದಕ್ಕೆ ಎಂಬುದು ನಮ್ಮೆಲ್ಲರ ತಿಳಿವಳಿಕೆ. ನೆನಪಿನ ಶಕ್ತಿಯನ್ನು ಅಧ್ಯಯನ ಮಾಡುವ ಮನೋವಿಜ್ಞಾನಿಗಳು ಇನ್ನೂ ಒಂದು ಸಂಗತಿ ಕಂಡುಕೊಂಡಿದ್ದಾರೆ: ಓದಿದ್ದನ್ನು ನೆನಪಿಸಿಕೊಳ್ಳುವ ಶ್ರಮವೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ.

ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದರ ಪ್ರಯೋಗವೊಂದನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಮಾತ್ರ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. 5 ನಿಮಿಷಗಳ ಬಳಿಕ ಕೇಳಿದಾಗ ಎರಡು ಸಲ ಓದಿದ್ದು ಶೇ. 81ರಷ್ಟು ನೆನಪಿತ್ತು, ಬರೆದು ನೋಡಿದ್ದು ಶೇ. 75ರಷ್ಟು. ವಾರ ಕಳೆದ ಮೇಲೆ ಕೇಳಿದಾಗ ಲೆಕ್ಕ ತಿರುವುಮುರುವಾಯಿತು: ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ಬರೆದು ನೋಡಿದ್ದರಲ್ಲಿ ಶೇ. 56.

ಶಿಕ್ಷಕರಿಗೆ ಇಂದು ಸಿಗುವ ಕ್ವಿಜ್ ಆ್ಯಪ್‌ಗಳನ್ನು ಈ ಬೆಳಕಿನಲ್ಲೇ ನೋಡಬೇಕು. ನಾರ್ವೆಯ ಕಹೂಟ್, ಬೆಂಗಳೂರಿನಲ್ಲಿ ಹುಟ್ಟಿ 2025ರವರೆಗೆ ಕ್ವಿಜಿಜ್ ಎನ್ನಿಸಿಕೊಂಡಿದ್ದ ವೇಗ್ರೌಂಡ್, ಗೂಗಲ್ ಫಾರ್ಮ್ಸ್ ಎಲ್ಲವೂ ಅಂಕ ಲೆಕ್ಕ ಹಾಕಿಕೊಡುತ್ತವೆ. ಆದರೆ ಮೊದಲು ಕೇಳಬೇಕಾದ ಮುಖ್ಯ ಪ್ರಶ್ನೆ, ಮಗು ತಪ್ಪಿದಾಗ ಮುಂದೇನು ಎಂಬುದು. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಒಂದು ಅಪಾಯವಿದೆ: ಆರಿಸಿಕೊಂಡ ತಪ್ಪು ಉತ್ತರವೇ ಸರಿಯೆಂದು ಮನಸ್ಸಿನಲ್ಲಿ ನಿಂತುಬಿಡಬಹುದು. ಸರಿಯುತ್ತರ ತಿಳಿಸಿದರೆ ಈ ಹಾನಿ ತಗ್ಗುತ್ತದೆ ಎಂದೂ ಸಂಶೋಧನೆ ತೋರಿಸಿದೆ. ಆದ್ದರಿಂದ ಸರಿಯುತ್ತರವನ್ನೂ ಅದರ ಕಾರಣವನ್ನೂ ಮಗುವಿಗೆ ತೋರಿಸಲು ಅವಕಾಶವಿರುವ ಆ್ಯಪ್ ಮೊದಲ ಆಯ್ಕೆಯಾಗಬೇಕು.

ಎರಡನೆಯದು ವೇಗ. ಕಹೂಟ್‌ನಂಥ ಆಟಗಳಲ್ಲಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ. ತರಗತಿಗೆ ಇದರಿಂದ ಉತ್ಸಾಹ ಬರುವುದು ನಿಜ. ಆದರೆ ನಿಧಾನವಾಗಿ ಓದುವ ಮಗು ಉತ್ತರ ಗೊತ್ತಿದ್ದೂ ಹಿಂದೆ ಬೀಳುತ್ತದೆ. ಗಡಿಯಾರದ ಒತ್ತಡ ಕಡಿಮೆ ಮಾಡಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮೂರನೆಯದು ಕನ್ನಡ. ಟೈಪ್ ಮಾಡಿದ ಉತ್ತರವನ್ನು ಗೂಗಲ್ ಫಾರ್ಮ್ಸ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಕೀಲಿಯುತ್ತರದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದಿದ್ದು, ಮಗು ‘ದ್ಯುತಿ ಸಂಶ್ಲೇಷಣೆ’ ಎಂದು ಬಿಡಿಸಿ ಬರೆದರೆ ಅಂಕ ಹೋಗುತ್ತದೆ. ಬರಬಹುದಾದ ರೂಪಗಳನ್ನೆಲ್ಲ ಕೀಲಿಯುತ್ತರಕ್ಕೆ ಸೇರಿಸಬೇಕು, ಇಲ್ಲವೇ ಶಿಕ್ಷಕರೇ ಓದಿ ಅಂಕ ಕೊಡಬೇಕು.

ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದ ಶಾಲೆಗೆ ಪ್ಲಿಕರ್ಸ್ ಎಂಬ ಆ್ಯಪ್ ಒಳ್ಳೆಯ ದಾರಿ. ಪ್ರತಿ ಮಗುವಿಗೂ ಬೇರೆ ಬೇರೆ ಕಪ್ಪು ವಿನ್ಯಾಸದ ಒಂದು ಕಾಗದದ ಕಾರ್ಡ್. ಅದರ ನಾಲ್ಕು ಬದಿಗಳಿಗೆ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡ್ ತಿರುಗಿಸಿ ಹಿಡಿದರೆ, ಶಿಕ್ಷಕರ ಮೊಬೈಲ್‌ನ ಕ್ಯಾಮೆರಾ ಇಡೀ ತರಗತಿಯ ಉತ್ತರಗಳನ್ನು ಓದಿಕೊಳ್ಳುತ್ತದೆ. ವಿನ್ಯಾಸಗಳು ಬೇರೆಯಾದ್ದರಿಂದ ಪಕ್ಕದವರನ್ನು ನೋಡಿ ನಕಲು ಮಾಡುವುದೂ ಕಷ್ಟ.

ಶಾಲಾ ಗ್ರಂಥಾಲಯದ ಅಗತ್ಯ ಸ್ವಲ್ಪ ಬೇರೆ. ಅಲ್ಲಿ ತಿಳಿಯಬೇಕಾದದ್ದು ಮಗು ಮಾಹಿತಿ ಹುಡುಕಬಲ್ಲದೇ, ಓದಿದ್ದನ್ನು ತೂಗಿ ನೋಡಬಲ್ಲದೇ ಎಂಬುದು. ಗ್ರಂಥಾಲಯದ ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಹಕ್ಕಿಗಳ ಪುಸ್ತಕಗಳ ಸಂಖ್ಯೆ 598. ಆ ಸಂಖ್ಯೆಯನ್ನು ಬಾಯಿಪಾಠ ಕೇಳುವ ಬದಲು, ‘ಕಪಾಟಿನಿಂದ ಹಕ್ಕಿಗಳ ಎರಡು ಪುಸ್ತಕ ತೆಗೆದು, ಕೋಗಿಲೆಯ ಬಗ್ಗೆ ಎರಡೂ ಏನು ಹೇಳುತ್ತವೆ ಬರೆ’ ಎಂದು ಕೇಳಬಹುದು. ಇದಕ್ಕೆ ಉದ್ದದ ಉತ್ತರ ಬರೆಯಲು ಜಾಗ ಕೊಡುವ ಸರಳ ಫಾರ್ಮ್ ಸಾಕು.

ಕೊನೆಯದಾಗಿ, ಮಕ್ಕಳ ಖಾಸಗಿತನ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಪೂರ್ಣ ಹೆಸರು, ಫೋನ್ ನಂಬರ್, ಫೋಟೊ ಕೇಳುವ ಆ್ಯಪ್‌ನಿಂದ ದೂರವಿರಿ. ಕ್ವಿಜ್‌ಗೆ ಹಾಜರಿ ಸಂಖ್ಯೆಯೇ ಸಾಕು.

ಶಿಕ್ಷಕರಲ್ಲಿ ನನ್ನ ಮನವಿ ಇಷ್ಟೇ: ಆ್ಯಪ್ ಯಾವುದೇ ಇರಲಿ, ವಾರಕ್ಕೊಮ್ಮೆ ಹಳೆಯ ಪಾಠದ ಐದು ಪ್ರಶ್ನೆ ಕೇಳಿ, ತಪ್ಪಿದ್ದನ್ನು ಅಲ್ಲೇ ಬಿಡಿಸಿ ಹೇಳಿ, ಆ ಅಂಕಗಳನ್ನು ವರದಿ ಪುಸ್ತಕಕ್ಕೆ ಸೇರಿಸಬೇಡಿ. ಅಂಕದ ಭಯವಿಲ್ಲದ ಇಂಥ ಕಿರುಪರೀಕ್ಷೆಯಿಂದಲೇ ಮಕ್ಕಳಿಗೆ ಹೆಚ್ಚು ಲಾಭ.