ಹಳೆಯ ಯುಪಿಐ ಪಾವತಿಯ ಲೆಕ್ಕ ಎಲ್ಲಿದೆ?

ಪ್ರಶ್ನೆ: ಮೂರು ವರ್ಷ ಹಿಂದಿನ ಯುಪಿಐ ಪಾವತಿ ಆ್ಯಪ್‌ನಲ್ಲಿ ಕಾಣುತ್ತಿಲ್ಲ. ದಾಖಲೆ ಅಳಿಸಿಹೋಯಿತೇ?

ಉತ್ತರ: ಇಲ್ಲ, ಹುಡುಕಬೇಕಾದ ಜಾಗ ಬೇರೆ. 2016ರಲ್ಲಿ ಬಂದ ಯುಪಿಐಯಲ್ಲಿ ಹಣ ಬ್ಯಾಂಕ್ ಖಾತೆಯಿಂದ ಖಾತೆಗೇ ಹೋಗುತ್ತದೆ. ಆ್ಯಪ್‌ನದು ಆದೇಶ ತಲುಪಿಸುವ ಕೆಲಸ, ಅಸಲು ಲೆಕ್ಕ ಬ್ಯಾಂಕಿನದು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಂತೆ ಬ್ಯಾಂಕು ವಹಿವಾಟಿನ ದಾಖಲೆಯನ್ನು 5 ವರ್ಷವಾದರೂ ಕಾಯ್ದಿಡಲೇಬೇಕು. ಹಾಗಾಗಿ ನೆಟ್ ಬ್ಯಾಂಕಿಂಗ್‌ನಲ್ಲಿ ಆ ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ಅಷ್ಟು ಹಿಂದಿನದು ಅಲ್ಲಿ ಸಿಗದಿದ್ದರೆ ಶಾಖೆಗೆ ಅರ್ಜಿ ಕೊಡಿ. ಸ್ಟೇಟ್‌ಮೆಂಟಿನಲ್ಲಿ ಬರೀ ಅಂಕಿಗಳು, ಯಾರಿಗೆ ಕೊಟ್ಟದ್ದೆಂದು ತಿಳಿಯುವುದು ಹೇಗೆ ಎನ್ನಬಹುದು. ಆಕ್ಷೇಪ ಸರಿಯೇ, ಆದರೆ ಪ್ರತಿ ಪಾವತಿಗೂ 12 ಅಂಕಿಯ ಉಲ್ಲೇಖ ಸಂಖ್ಯೆಯಿದೆ, ಅದನ್ನು ಕೊಟ್ಟು ಯಾರಿಗೆ ಹೋಯಿತೆಂದು ಬ್ಯಾಂಕಿನಲ್ಲಿ ವಿಚಾರಿಸಬಹುದು. ವಿವಾದ ಬಂದಾಗ ಆ್ಯಪ್‌ನ ಸ್ಕ್ರೀನ್‌ಶಾಟ್‌ಗಿಂತ ಅದೇ ಗಟ್ಟಿ ಪುರಾವೆ. ವ್ಯಾಲೆಟ್‌ನಿಂದ ಕೊಟ್ಟ ಹಣದ ವಿವರವನ್ನು ಮಾತ್ರ ಆ ವ್ಯಾಲೆಟ್ ಕಂಪನಿಯಲ್ಲೇ ಕೇಳಬೇಕು.