ಫಾಂಟ್ ಹೋದರೆ ಬರಹವೂ ಹೋಗಬೇಕೆ?

ನುಡಿ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು, ತಲೆಯ ಮೇಲೆ ಗೀಟು ಹೊತ್ತ 'ಎ'ಗಳು. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ, ಫಾಂಟ್ ಹಾಕಿಕೊಳ್ಳಿ ಎಂಬುದು. ಹಾಕಿದರೆ ಕನ್ನಡ ಕಾಣುತ್ತದೆ, ನಿಜ. ಆದರೆ ದೋಷವಿರುವುದು ಫಾಂಟಿನಲ್ಲಲ್ಲ, ಬರಹವನ್ನು ಕೂಡಿಟ್ಟ ಕ್ರಮದಲ್ಲಿ.

ಆಗಿನ ಫಾಂಟುಗಳಲ್ಲಿ ಇದ್ದದ್ದು 256 ಸ್ಥಾನ. ಕನ್ನಡದ ಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ತಂತ್ರಜ್ಞರು ಅಕ್ಷರಗಳನ್ನು ಒಡೆದು, ಆ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ನುಡಿಯ ಹಳೆಯ ಸಂಕೇತದಲ್ಲಿ 'ಕ' ಎಂದರೆ ಇಂಗ್ಲಿಷಿನ 'ಪಿ', ಅದರ ತಲೆಕಟ್ಟಿಗೆ ಗೀಟಿನ 'ಎ'. 'ಕನ್ನಡ' ಎಂಬ ಪದ ಇಂಥ ಏಳು ಚೂರುಗಳಾಗಿ ಉಳಿಯುತ್ತದೆ. ಲಿಪಿ ಲಿಪಿಗೂ ಬೇರೆ ಸ್ಥಾನ ಕೊಡುವ ಸಂಕೇತ ಕ್ರಮ ಯೂನಿಕೋಡ್. 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಆದರೆ ವಿಂಡೋಸ್ ಅದನ್ನು ತುಂಗಾ ಫಾಂಟಿನೊಡನೆ ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಆ ನಡುವಿನ ಅವಧಿಯಲ್ಲಿ, 1998ರಲ್ಲಿ, ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ ಬಂತು; ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಕಚೇರಿ ಕಚೇರಿಗೂ ತಲುಪಿತು. ಇಂಥ ತಂತ್ರಾಂಶಗಳನ್ನು ರೂಪಿಸಿದವರು ಯೂನಿಕೋಡಿಗಾಗಿ ಕಾಯುತ್ತ ಕೂತಿದ್ದರೆ ಅಷ್ಟು ಕಾಲ ಕಂಪ್ಯೂಟರಿನಲ್ಲಿ ಕನ್ನಡ ಇರುತ್ತಿರಲಿಲ್ಲ. ಆ ಋಣವನ್ನು ನಾವು ಮರೆಯಬಾರದು.

ಯೂನಿಕೋಡ್‌ನಲ್ಲೂ ಒತ್ತಕ್ಷರ ಕಳಚಿ ಬೀಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಬೀಳುತ್ತದೆ, ತಂತ್ರಾಂಶಕ್ಕೆ ಅಕ್ಷರ ಜೋಡಿಸಲು ಬಾರದಿದ್ದಾಗ. ಆದರೆ ಒಳಗಿನ ಬರಹ ಹಾಗೆಯೇ ಇರುತ್ತದೆ, ಬೇರೆ ಫಾಂಟು ಅದನ್ನು ಸರಿಯಾಗಿ ತೋರಿಸಬಲ್ಲದು, ಹುಡುಕಿದರೆ ಪದ ಸಿಗುತ್ತದೆ. ಹಳೆಯ ಕಡತದಲ್ಲಿ ಫಾಂಟ್ ಕಳೆದರೆ ಪದವೇ ಕಳೆಯಿತು. ಮುದ್ರಣದವರ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಅಂದದ ಫಾಂಟುಗಳು ಹಳೆಯ ಸಂಕೇತದಲ್ಲೇ ಹೆಚ್ಚು, ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಕನ್ನಡ ನಡೆಯುವುದಿಲ್ಲ. ಆದರೆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಿಂದ ಕನ್ನಡವನ್ನು ಜೋಡಿಸುತ್ತಿದೆ. ಪುಟ ಅಚ್ಚಾಗುವುದು ಯಾವ ಫಾಂಟಿನಲ್ಲಾದರೂ ಆಗಲಿ, ಮೂಲಪ್ರತಿ ಯೂನಿಕೋಡ್‌ನಲ್ಲಿ ಉಳಿಯಲಿ. ಸಂಘ ಸಂಸ್ಥೆಗಳು, ಪ್ರಕಾಶಕರು ತಮ್ಮ ಹಳೆಯ ಕಡತಗಳನ್ನು, ಅವುಗಳ ಫಾಂಟು ಇನ್ನೂ ಕೈಯಲ್ಲಿರುವಾಗಲೇ, ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿಕೊಳ್ಳಬೇಕು. ನಡುವೆ ಬರುವ ಇಂಗ್ಲಿಷ್ ಪದಗಳೂ ಅರ್ಕಾವೊತ್ತೂ ಅಲ್ಲಿ ಕೆಡುವುದುಂಟು. ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕರಡು ತಿದ್ದಿ.