ಮುಚ್ಚಿಗೆಯೊಳಗಣ ದೀಪ

ತಲೆಯ ಮೇಲಿನಿಂದ ಬೆಳಕನ್ನು ಇಳಿಸಿಕೊಳ್ಳುವ ಬಯಕೆ ಮಂಗಳೂರಿನ ಮನೆಗಳಿಗೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ, ನೇತ್ರಾವತಿ ಮತ್ತು ಗುರುಪುರ ನದಿಗಳ ತಟದ ಜೇಡಿಮಣ್ಣು ಹೆಂಚಾಗಿ ಊರೂರ ಮಾಡುಗಳನ್ನೇರಿತು. ಕೆಂಪು ಹೆಂಚುಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚನ್ನು ಕೂರಿಸಿ, ಕತ್ತಲೆಯ ಅಡುಗೆಮನೆಗೂ ಹಗಲ ಬೆಳಕನ್ನು ತರುವ ಜಾಣ್ಮೆ ಅಂದಿನ ಗೃಹಸ್ಥರಿಗಿತ್ತು. ಬೇಡವೆನಿಸಿದಾಗ ಗಾಜನ್ನು ಕಳಚಿ ಮಣ್ಣಿನ ಹೆಂಚನ್ನು ಹೊದಿಸಿದರಾಯಿತು, ಮಾಡು ಮೊದಲಿನಂತೆಯೇ.

ಇಂದು ಮನೆಯನ್ನು ನವೀಕರಿಸುವವರು ಬಯಸುವುದು ಛಾವಣಿಯೊಳಗೆ ಹುದುಗಿ, ಬಿಲ್ಲೆಯಂಥ ಮುಖವನ್ನಷ್ಟೇ ತೋರುವ ವಿದ್ಯುದ್ದೀಪವನ್ನು. ನೋಟಕ್ಕೆ ಅಂದ, ಧೂಳು, ಜೇಡರ ಬಲೆಗಳ ಕಾಟವೂ ಕಡಿಮೆ. ಆದರೆ ಗಾಜಿನ ಹೆಂಚಿಗಿದ್ದ ಗುಣವೊಂದು ಇದಕ್ಕಿಲ್ಲ. ಇದಕ್ಕಾಗಿ ಕೊರೆದ ತೂತನ್ನು ಮತ್ತೆ ಮುಚ್ಚುವುದು ಸುಲಭವಲ್ಲ.

ಕೊರೆಯುವ ಮುನ್ನ

ಮೊದಲು ತಿಳಿಯಬೇಕಾದುದು, ಕೊರೆಯಲಿರುವ ಛಾವಣಿ ಯಾವ ಬಗೆಯದು ಎಂಬುದನ್ನು. ಆರ್.ಸಿ.ಸಿ. ತಾರಸಿಯನ್ನು ದೀಪಕ್ಕಾಗಿ ಕಡಿಯುವುದು ಸರ್ವಥಾ ಸಲ್ಲದು. ಒಳಗಿನ ಕಬ್ಬಿಣಕ್ಕೆ ಏಟು ಬಿದ್ದರೆ ಮನೆಯ ಬಲಕ್ಕೇ ಕುಂದು. ಅಂಥಲ್ಲಿ ಹೊರಮೈಗೆ ಅಂಟಿಕೊಳ್ಳುವ ತೆಳ್ಳನೆಯ ದೀಪವೇ ಲೇಸು. ಇಲ್ಲವಾದರೆ ತಾರಸಿಯ ಕೆಳಗೆ ತಗಡಿನ ಪಟ್ಟಿಗಳಿಂದ ಜಿಪ್ಸಮ್ ಹಲಗೆಯ ತೂಗು ಛಾವಣಿಯನ್ನು ಕಟ್ಟಿಸಬೇಕು. ಸುಮಾರು ಅರ್ಧ ಅಂಗುಲ ದಪ್ಪದ ಆ ಹಲಗೆಯನ್ನು ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ ಕ್ಷಣದಲ್ಲಿ ಕೊರೆಯುತ್ತದೆ. ಪಟ್ಟಿಗಳು ಹಾಯ್ದಿರುವ ಜಾಗವನ್ನು ಮೊದಲೇ ಗುರುತು ಮಾಡಿಕೊಂಡರೆ ಸಾಕು.

ಹಳೆಯ ಮನೆಗಳ ಮರದ ಮುಚ್ಚಿಗೆಯ ಮಾತೇ ಬೇರೆ. ಹಲಸು, ತೇಗಗಳ ಹಲಗೆಯಲ್ಲಿ ಬಿದ್ದ ತೂತಿಗೆ ಯಾವ ಲೇಪವೂ ಮದ್ದಲ್ಲ, ಹಲಗೆಯನ್ನೇ ಬದಲಿಸಬೇಕಾದೀತು. ಮುಚ್ಚಿಗೆಯ ಮೇಲಿನ ಕತ್ತಲಲ್ಲಿ ತರಗು, ಧೂಳು, ಇಲಿಗಳ ಸಂಸಾರ. ಇಲಿ ಕಡಿದ ತಂತಿಯೂ ಒಣ ಮರವೂ ಒಂದೆಡೆ ಸೇರಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ಆದುದರಿಂದ ಇಂಥ ಮನೆಗಳಲ್ಲಿ ದೀಪವನ್ನು ಗೋಡೆಗೆ ಹಾಕಿ, ಬೆಳಕನ್ನು ಮುಚ್ಚಿಗೆಯತ್ತ ಎಸೆಯುವುದು ಮೇಲು. ಅಜ್ಜನ ಕಾಲದ ಮರದ ಕೆಲಸವೂ ಆಗ ಕಣ್ಣಿಗೆ ಬೀಳುತ್ತದೆ.

ಮಳೆ, ಸಿಡಿಲು, ಬಿಸಿ

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ತಾರಸಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ನೀರು ತೂಗು ಛಾವಣಿಯ ಮೇಲೆ ಗುಟ್ಟಾಗಿ ಹರಡಿ, ದೀಪದ ತೂತಿನ ಬಳಿ ಹಳದಿ ಕಲೆಯಾಗಿ ಇಣುಕುತ್ತದೆ. ಆದುದರಿಂದ ಒಂದು ಮಳೆಗಾಲವನ್ನು ನೋಡಿ, ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕೊರೆಯುವುದು ವಿವೇಕ. ಕಡಲ ಗಾಳಿಯ ಉಪ್ಪು ಕಬ್ಬಿಣದ ಸ್ಪ್ರಿಂಗನ್ನೂ ಪಟ್ಟಿಯನ್ನೂ ತಿನ್ನುತ್ತದೆ. ಅಗ್ಗದ ಮಾಲು ಇಲ್ಲಿ ಬಾಳದು.

ಬಿಸಿಯ ಪ್ರಶ್ನೆಯೂ ಉಂಟು. ಹಿಂದೆ ಇಂಥ ಗುಂಡಿಗಳಲ್ಲಿ ಕೂರಿಸುತ್ತಿದ್ದ 50 ವಾಟಿನ ಹ್ಯಾಲೊಜನ್ ದೀಪ ಕೆಂಡದಂತೆ ಕಾಯುತ್ತಿತ್ತು. ಈಗಿನ ಎಲ್.ಇ.ಡಿ. ದೀಪ ಏಳೆಂಟು ವಾಟಿನಲ್ಲೇ ಹೆಚ್ಚುಕಡಿಮೆ ಅಷ್ಟು ಬೆಳಕನ್ನು ಕೊಡುತ್ತದೆ. ಆದರೂ ಅದರ ಬೆನ್ನಿಗೆ ಗಾಳಿಯಾಡಲು ಸ್ಥಳ ಬೇಕು. ಉಸಿರುಗಟ್ಟಿದ ದೀಪ ಬೇಗ ಸಾಯುತ್ತದೆ. ಏಪ್ರಿಲ್-ಮೇ ತಿಂಗಳುಗಳ ಗುಡುಗು-ಸಿಡಿಲುಗಳು ದೀಪದೊಳಗಿನ ಡ್ರೈವರನ್ನು ಸುಡುವುದೂ ಉಂಟು.

ತೆಗೆಯುವ ಬಗೆ

ಕೆಟ್ಟ ದೀಪವನ್ನು ತೆಗೆಯುವ ಮೊದಲು ಸ್ವಿಚ್ಚನ್ನು ಆರಿಸಿದರೆ ಸಾಲದು. ಆ ಸಾಲಿನ ಎಂ.ಸಿ.ಬಿ.ಯನ್ನೇ ಇಳಿಸಿ, ಟೆಸ್ಟರಿನಿಂದ ಪರೀಕ್ಷಿಸಬೇಕು. ಬಳಿಕ ಅಂಚನ್ನು ಮೆಲ್ಲನೆ ಕೆಳಗೆಳೆದು, ಎರಡು ಪಕ್ಕದ ಸ್ಪ್ರಿಂಗುಗಳನ್ನು ಬೆರಳಿನಿಂದ ಒತ್ತಿ ಹಿಡಿದರೆ ದೀಪ ಕೈಗೆ ಬರುತ್ತದೆ. ಸ್ಪ್ರಿಂಗು ಚಿಮ್ಮಿ ಬೆರಳಿಗೆ ತಾಗದಂತೆ ಎಚ್ಚರವಿರಲಿ. ತಂತಿಯ ಕೆಲಸವನ್ನು ಪರವಾನಿಗೆಯುಳ್ಳ ಎಲೆಕ್ಟ್ರಿಶಿಯನ್ನನಿಗೆ ಬಿಡುವುದು ಕ್ಷೇಮ. ಬೇಡವಾದ ತಂತಿಯನ್ನು ಬರಿದೇ ಟೇಪು ಸುತ್ತಿ ಒಳಗೆ ತುರುಕಿ ಮುಚ್ಚುವುದು ಅಪಾಯಕರ. ಅದನ್ನು ಮೂಲದಲ್ಲೇ ಬಿಡಿಸಬೇಕು.

ತೂತನ್ನು ಮುಚ್ಚುವಾಗ ಒಳಗಡೆ ಅಡ್ಡಲಾಗಿ ಮರದ ಪಟ್ಟಿಯೊಂದನ್ನು ಸ್ಕ್ರೂಗಳಿಂದ ಬಿಗಿದು, ಅದಕ್ಕೆ ತೂತಿನ ಅಳತೆಯ ಜಿಪ್ಸಮ್ ಬಿಲ್ಲೆಯನ್ನು ಜೋಡಿಸಬೇಕು. ಸಂದಿಗೆ ಟೇಪು, ಅದರ ಮೇಲೆ ಲೇಪ. ಒಣಗಿದ ಬಳಿಕ ಉಜ್ಜಿ, ಮತ್ತೆ ಲೇಪಿಸಿ, ಪ್ರೈಮರ್ ಬಳಿಯಬೇಕು. ಬಣ್ಣವನ್ನು ಇಡೀ ಛಾವಣಿಗೆ ಹೊಡೆಸದಿದ್ದರೆ ತೇಪೆ ಎದ್ದು ಕಾಣುತ್ತದೆ. ದೀಪದ ಬೆಲೆಗಿಂತ ಅದನ್ನು ತೆಗೆಸಿದ ವೆಚ್ಚವೇ ಹೆಚ್ಚಾಗುವುದು ಹೀಗೆ.

ಇಂದಿನ ಹಲವು ದೀಪಗಳಲ್ಲಿ ಬಲ್ಬನ್ನು ಮಾತ್ರ ಬದಲಿಸುವಂತಿಲ್ಲ. ಇಡೀ ದೀಪವನ್ನೇ ತೆಗೆಯಬೇಕು. ಐದಾರು ವರ್ಷಗಳ ಬಳಿಕ ಅದೇ ಅಳತೆಯದು ಅಂಗಡಿಯಲ್ಲಿ ಸಿಗದೆ ಹೋದರೆ ತೂತು ಅನಾಥ. ಆದುದರಿಂದ ಕೊಳ್ಳುವಾಗಲೇ ಒಂದೆರಡು ಹೆಚ್ಚು ಕೊಂಡು, ತೂತಿನ ಅಳತೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಗೃಹಿಣಿಯರಿಗೆ ತಕ್ಕ ಉಪಾಯ. ತೂತುಗಳ ಸಂಖ್ಯೆಯಲ್ಲಿಯೂ ಹಿಡಿತವಿರಲಿ. ಓದುವ ಮೂಲೆಗೊಂದು, ಊಟದ ಮೇಜಿಗೆರಡು ಎಂದು ಅಗತ್ಯವನ್ನು ಅಳೆದು ಕೊರೆಸಿದರೆ, ಮುಂದೆ ಮುಚ್ಚಿಸಬೇಕಾದುದೂ ಅಷ್ಟೇ.